ವೈಟ್‌ಫೀಲ್ಡಿನಲ್ಲೊಂದು ಆಟದ ಯಂತ್ರ

ಬೆಂಗಳೂರನ್ನು ನೋಡಲು ಬರುವ ನೆಂಟರು ಲಾಲ್‌ಬಾಗು, ವಿಧಾನಸೌಧ, ಬಸವನಗುಡಿಯ ದೊಡ್ಡ ಬಸವಣ್ಣ ಇಷ್ಟನ್ನು ಕಂಡು, ಚಿಕ್ಕಪೇಟೆಯಲ್ಲಿ ಒಂದೆರಡು ಸೀರೆಗಳನ್ನು ಕೊಂಡು ಊರಿಗೆ ಹಿಂದಿರುಗುವುದು ಬಹುಕಾಲದಿಂದ ನಡೆದುಬಂದ ವಾಡಿಕೆ. ಆದರೆ ಇಂದಿನ ಬೆಂಗಳೂರಿನ ಅನ್ನ ಬೇಯುತ್ತಿರುವ ಒಲೆಗಳು ಊರ ನಡುವೆ ಇಲ್ಲ, ಊರ ಅಂಚಿನಲ್ಲಿವೆ. ವಾಯವ್ಯದಲ್ಲಿ ಪೀಣ್ಯ. ಅಲ್ಲಿ ತುಮಕೂರು ರಸ್ತೆಯ ಇಕ್ಕೆಲಗಳಲ್ಲಿಯೂ ಲೇತು, ಪ್ರೆಸ್ಸು, ಎರಕದ ಕುಲುಮೆಗಳ ಸಾವಿರಾರು ಚಿಕ್ಕ ಕಾರ್ಖಾನೆಗಳು. ದಕ್ಷಿಣದಲ್ಲಿ ಎಲೆಕ್ಟ್ರಾನಿಕ್ ಸಿಟಿ. ೧೯೭೮ರಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಬಳಿ ೩೩೨ ಎಕರೆ ನೆಲದಲ್ಲಿ ಅದಕ್ಕೆ ತಳಹದಿ ಹಾಕಿದಾಗ, ಇಲ್ಲಿ ಯಾರು ಬಂದಾರೆಂದು ನಕ್ಕವರೂ ಇದ್ದಿರಬೇಕು. ಪೂರ್ವದಲ್ಲಿ ವೈಟ್‌ಫೀಲ್ಡು. ೧೮೮೨ರಲ್ಲಿ ಹತ್ತನೆಯ ಚಾಮರಾಜ ಒಡೆಯರವರು ಆಂಗ್ಲೋ-ಇಂಡಿಯನ್ ಕುಟುಂಬಗಳ ಸಂಘಕ್ಕೆ ೩,೯೦೦ ಎಕರೆ ಭೂಮಿಯನ್ನು ದಯಪಾಲಿಸಿದರು. ಸಂಘದ ಮುಖಂಡನಾದ ಡಿ. ಎಸ್. ವೈಟ್ ಎಂಬಾತನ ಹೆಸರು ಊರಿಗೆ ನಿಂತಿತು. ತೋಟ, ಕೋಳಿಗೂಡು, ಹೆಂಚಿನ ಮನೆಗಳ ಆ ನೆಮ್ಮದಿಯ ಹಳ್ಳಿಯ ಸುತ್ತ ಈಗ ಗಾಜಿನ ಗೋಡೆಯ ಸೌಧಗಳು ಎದ್ದು ನಿಂತಿವೆ.

ಈ ಮೂರು ಸ್ಥಳಗಳಿಗೂ ಸಾಮಾನ್ಯವಾದ ಧರ್ಮವೊಂದುಂಟು. ಅಲ್ಲಿ ಮನುಷ್ಯನಿಗೆ ಮನುಷ್ಯನು ಹೇಳುವುದು ಕಡಮೆ, ಯಂತ್ರವು ಹೇಳುವುದೇ ಹೆಚ್ಚು. ಯಾವ ಬಾಗಿಲು ಯಾವಾಗ ತೆರೆಯುವುದು, ಎಲ್ಲಿ ಬೆರಳೊತ್ತಬೇಕು, ಎಲ್ಲಿ ಕೈಯಿಡಬಾರದು, ಇವೆಲ್ಲವನ್ನೂ ದೀಪಗಳೂ ಸದ್ದುಗಳೂ ಫಲಕಗಳೂ ಸಾರುತ್ತಿರುತ್ತವೆ. ಮೂವತ್ತು ವರ್ಷಗಳಿಗೂ ಮಿಕ್ಕು ಮಕ್ಕಳಿಗೆ ಶಬ್ದರೂಪಗಳನ್ನೂ ಸಂಧಿಸೂತ್ರಗಳನ್ನೂ ಬೋಧಿಸಿದ ನಮಗೆ, ನಿಯಮವನ್ನು ಸ್ಪಷ್ಟವಾಗಿ ಹೇಳುವುದು ಎಷ್ಟು ಕಠಿನವಾದ ಕೆಲಸವೆಂಬುದು ಚೆನ್ನಾಗಿ ಗೊತ್ತು. ಆದುದರಿಂದ ಯಂತ್ರಗಳು ಈ ಕೆಲಸವನ್ನು ಹೇಗೆ ಮಾಡುತ್ತವೆಂದು ನೋಡುವ ಕುತೂಹಲವು ನಿವೃತ್ತರಾದ ಮೇಲೆ ನಮಗೆ ಹತ್ತಿತು. ಅವುಗಳಲ್ಲೆಲ್ಲ ಉತ್ತಮ ಬೋಧಕನಾಗಿ ಕಂಡದ್ದು ಒಂದು ಆಟದ ಯಂತ್ರ. ವಾಚಕರು ನಗಬಾರದು, ಮುಂದೆ ಓದಿ ಆಮೇಲೆ ಬೇಕಾದರೆ ನಗಬಹುದು.

ನಮ್ಮ ವಾಸ ದಾಸರಹಳ್ಳಿಯಲ್ಲಿ. ಮಗಳ ಮನೆ ಕುಂದಲಹಳ್ಳಿಯಲ್ಲಿ. ನಗರದ ಒಂದು ಕೊನೆಯಿಂದ ಇನ್ನೊಂದು ಕೊನೆ. ಹಿಂದೆ ಬಸ್ಸಿನಲ್ಲಿ ಹೊರಟರೆ ಬೆಳಗಿನ ತಿಂಡಿ ಇಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿ. ೨೦೧೪ರಲ್ಲಿ ಪೀಣ್ಯಕ್ಕೂ ೨೦೨೩ರಲ್ಲಿ ವೈಟ್‌ಫೀಲ್ಡಿಗೂ ಮೆಟ್ರೊ ರೈಲು ಬಂದ ಮೇಲೆ ಪ್ರಯಾಣವು ಒಂದೂವರೆ ಗಂಟೆಗೆ ಇಳಿದಿದೆ. ನಿಲ್ದಾಣದಲ್ಲಿ ಕೊಡುವ ಟೋಕನ್ ಎಂಬ ಬಿಲ್ಲೆಯನ್ನು ಒಳಕ್ಕೆ ಹೋಗುವಾಗ ಗೇಟಿಗೆ ತಾಗಿಸಿ ಕೈಯಲ್ಲಿಯೇ ಉಳಿಸಿಕೊಳ್ಳಬೇಕು; ಹೊರಕ್ಕೆ ಬರುವಾಗ ಅದನ್ನೇ ಸೀಳುಗಂಡಿಯೊಳಕ್ಕೆ ಹಾಕಿಬಿಡಬೇಕು. ಒಂದೇ ಬಿಲ್ಲೆಗೆ ಎರಡು ವಿಧಿ. ಮೆಜೆಸ್ಟಿಕ್ಕಿನಲ್ಲಿ ತುಮಕೂರು ಕಡೆಯ ಮುದುಕಿಯೊಬ್ಬಳು ಹೊರಗೇಟಿನ ಮೇಲೆ ಬಿಲ್ಲೆಯನ್ನು ಮತ್ತೆ ಮತ್ತೆ ತಾಗಿಸುತ್ತ, ಗೇಟು ತೆರೆಯದಿರಲು ಹಿಂದಿನವರ ಗೊಣಗಾಟಕ್ಕೆ ಹೆದರಿ ಬೆವರುತ್ತಿದ್ದುದನ್ನು ನಾವು ಕಂಡಿದ್ದೇವೆ. ಒಳಕ್ಕೆ ಬರುವಾಗ ಗೇಟು ಅವಳಿಗೆ ಏನನ್ನು ಕಲಿಸಿತ್ತೋ ಅದನ್ನೇ ಅವಳು ಶ್ರದ್ಧೆಯಿಂದ ಪಾಲಿಸುತ್ತಿದ್ದಳು. ಕಾವಲಿನ ಹುಡುಗಿ ಓಡಿಬಂದು, ‘ಅಜ್ಜಿ, ಒಳಗೆ ಹಾಕ್ಬಿಡಿ’ ಎಂದು ಮೂರೇ ಮಾತಿನಲ್ಲಿ ಮುಗಿಸಿದಳು.

ಇದೇ ದಾರಿಯಲ್ಲಿ ಜಾಲಹಳ್ಳಿ ಬರುತ್ತದೆ. ಅಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು, ನಾವೆಲ್ಲರೂ ಬೆರಳೊತ್ತಿರುವ ಮತಯಂತ್ರವನ್ನು ತಯಾರಿಸಿದ ಎರಡು ಸಂಸ್ಥೆಗಳಲ್ಲೊಂದು, ಇನ್ನೊಂದು ಹೈದರಾಬಾದಿನದು. ಮತಯಂತ್ರದ ಸ್ಪಷ್ಟತೆಯನ್ನು ಮೆಚ್ಚಲೇಬೇಕು. ಹಸುರು ದೀಪ ಹತ್ತಿದರೆ ಯಂತ್ರ ಸಿದ್ಧ. ಚಿಹ್ನೆಯ ಪಕ್ಕದಲ್ಲಿಯೇ ನೀಲಿ ಗುಂಡಿ. ಒತ್ತಿದರೆ ಅಲ್ಲಿಯೇ ಕೆಂಪು ದೀಪ, ಮೇಲೊಂದು ದೀರ್ಘವಾದ ಸದ್ದು, ಪಕ್ಕದ ಪೆಟ್ಟಿಗೆಯ ಗಾಜಿನೊಳಗೆ ಏಳು ಸೆಕೆಂಡುಗಳ ಕಾಲ ಕಾಣಿಸಿಕೊಳ್ಳುವ ಚೀಟಿ. ಅಕ್ಷರವರಿಯದವನಿಗೂ ಗೊಂದಲವಿಲ್ಲ. ಆದರೆ ಮತಯಂತ್ರದ ನಿಯಮ ಒಂದೇ ಒಂದು. ನೂರು ನಿಯಮಗಳಿರುವ ಯಂತ್ರವು ಅಷ್ಟೇ ಸ್ಪಷ್ಟವಾಗಿ ಮಾತಾಡಬಲ್ಲುದೆ ಎಂಬುದು ಪ್ರಶ್ನೆ.

ವೈಟ್‌ಫೀಲ್ಡಿನ ಕಡೆಯ ದೊಡ್ಡ ದೊಡ್ಡ ಅಂಗಡಿಸಂಕೀರ್ಣಗಳಲ್ಲಿ ಮೇಲಿನ ಅಂತಸ್ತಿನಲ್ಲಿ ಆಟದ ಪಡಸಾಲೆಯೊಂದು ಇರುವುದು ಈಗ ಸಾಮಾನ್ಯ. ನಮ್ಮ ಮೊಮ್ಮಗನಿಗೆ ಹತ್ತು ವರ್ಷ. ಅವನ ಬೇಸಗೆ ರಜೆಯಲ್ಲಿ, ಅವನ ಕೈ ಹಿಡಿದುಕೊಂಡು, ಅಥವಾ ಅವನು ನಮ್ಮ ಕೈ ಹಿಡಿದುಕೊಂಡು, ಅಂಥದೊಂದು ಪಡಸಾಲೆಯನ್ನು ಪ್ರವೇಶಿಸಿದೆವು. ಒಳಗಿನ ಗದ್ದಲವನ್ನು ವರ್ಣಿಸುವುದು ವ್ಯರ್ಥ. ಜಾತ್ರೆಯ ಎಲ್ಲ ತುತ್ತೂರಿಗಳನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಿದಂತೆ. ಹಣವನ್ನು ಮೊದಲೇ ಒಂದು ಕಾರ್ಡಿಗೆ ತುಂಬಿಸಿ, ಆ ಕಾರ್ಡನ್ನು ಪ್ರತಿಯೊಂದು ಯಂತ್ರಕ್ಕೂ ತೋರಿಸುತ್ತ ಹೋಗಬೇಕು. ಹುಡುಗನು ಮೋಟಾರು ಓಡಿಸುವ ಆಟಕ್ಕೆ ಓಡಿದನು. ನಾವು ಕುಳಿತುಕೊಳ್ಳಲು ಎಡೆಯನ್ನು ಅರಸುತ್ತ ಮೂಲೆಯಲ್ಲಿದ್ದ ಒಂದು ಯಂತ್ರದ ಮುಂದೆ ನಿಂತೆವು.

ಅದು ಪಿನ್‌ಬಾಲ್ ಯಂತ್ರ. ನೋಡದವರಿಗಾಗಿ ಸ್ವಲ್ಪ ವಿವರಿಸುತ್ತೇವೆ. ನಾಲ್ಕು ಕಾಲುಗಳ ಮೇಲೆ ನಿಂತ ಉದ್ದನೆಯ ಪೆಟ್ಟಿಗೆ, ಮೇಲೆ ಗಾಜು, ಒಳಗೆ ಆಟಗಾರನ ಕಡೆಗೆ ಇಳಿಜಾರಾದ ಹಲಗೆ. ಹಲಗೆಯ ಮೇಲೆ ಏರುದಾರಿಗಳು, ಸುತ್ತುದಾರಿಗಳು, ತಗುಲಿದೊಡನೆ ಒದೆಯುವ ಕಂಬಗಳು, ನೆಲದಲ್ಲಿಯೇ ಹುದುಗಿಸಿದ ಬಣ್ಣದ ದೀಪಗಳು. ಸ್ಪ್ರಿಂಗಿನ ಹಿಡಿಯನ್ನೆಳೆದು ಬಿಟ್ಟರೆ ನೆಲ್ಲಿಕಾಯಿಯ ಗಾತ್ರದ ಉಕ್ಕಿನ ಗೋಲಿಯೊಂದು ಮೇಲಕ್ಕೆ ಚಿಮ್ಮಿ, ಅಲ್ಲಿಂದ ಉರುಳುತ್ತ ಕೆಳಗೆ ಬರುತ್ತದೆ. ಕೆಳತುದಿಯಲ್ಲಿ ಎರಡು ಚಿಕ್ಕ ಕೈಗಳಿವೆ. ಅವನ್ನು ಫ್ಲಿಪ್ಪರ್ ಎನ್ನುತ್ತಾರೆ; ನಾವು ತಟ್ಟುಗೈ ಎಂದು ಕರೆಯೋಣ. ಪೆಟ್ಟಿಗೆಯ ಎರಡು ಪಕ್ಕದ ಗುಂಡಿಗಳನ್ನೊತ್ತಿದರೆ ಅವು ಮೇಲಕ್ಕೆದ್ದು ಗೋಲಿಯನ್ನು ಹೊಡೆಯುತ್ತವೆ. ಎರಡು ತಟ್ಟುಗೈಗಳ ನಡುವೆ ಗೋಲಿ ಜಾರಿತೋ, ಹೋಯಿತು. ಒಂದು ಆಟಕ್ಕೆ ಮೂರು ಗೋಲಿ.

ಈ ಆಟದ ವಂಶಾವಳಿ ದೊಡ್ಡದು. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಬ್ಯಾಗಟೆಲ್ ಎಂಬ ಮೇಜಿನ ಆಟವಿತ್ತು. ೧೮೭೧ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಮೊಂಟೇಗ್ ರೆಡ್‌ಗ್ರೇವ್ ಎಂಬವನು ಕೋಲಿನ ಬದಲು ಸ್ಪ್ರಿಂಗನ್ನಿಟ್ಟು ಹಕ್ಕುಪತ್ರ ಪಡೆದನು. ೧೯೩೧ರಲ್ಲಿ ಡೇವಿಡ್ ಗಾಟ್ಲೀಬ್ ‘ಬ್ಯಾಫಲ್ ಬಾಲ್’ ಎಂಬ ಯಂತ್ರವನ್ನು ಅಂಗಡಿ ಅಂಗಡಿಗಳಲ್ಲಿ ನೆಲೆಗೊಳಿಸಿದನು. ಆಗ ಇದರಲ್ಲಿ ತಟ್ಟುಗೈಗಳಿರಲಿಲ್ಲ. ಗೋಲಿಯನ್ನು ಬಿಟ್ಟ ಮೇಲೆ ಎಲ್ಲವೂ ದೈವಾಧೀನ. ೧೯೪೭ರಲ್ಲಿ ಅದೇ ಗಾಟ್ಲೀಬ್ ಕಂಪನಿಯ ‘ಹಂಪ್ಟಿ ಡಂಪ್ಟಿ’ ಎಂಬ ಯಂತ್ರದಲ್ಲಿ ಆರು ತಟ್ಟುಗೈಗಳು ಮೊಟ್ಟಮೊದಲು ಕಾಣಿಸಿಕೊಂಡವು. ಅಲ್ಲಿಂದ ಮುಂದೆ ದೈವಕ್ಕೆ ಪುರುಷಕಾರವು ಎದುರು ನಿಂತಿತು.

ನಾವು ಕಂಡ ಯಂತ್ರದ ಹೆಸರು ‘ಮೀಡಿಯೆವಲ್ ಮ್ಯಾಡ್‌ನೆಸ್’, ಅಂದರೆ ಮಧ್ಯಯುಗದ ಮರುಳು. ಶಿಕಾಗೊ ನಗರದ ವಿಲಿಯಮ್ಸ್ ಕಂಪನಿಯು ಇದನ್ನು ೧೯೯೭ರಲ್ಲಿ ಹೊರತಂದಿತು. ಆಟಗಾರರ ಮೆಚ್ಚಿಕೆ ಎಷ್ಟೆಂದರೆ ಹಲವು ವರ್ಷಗಳ ಬಳಿಕ ಇನ್ನೊಂದು ಕಂಪನಿ ಅದನ್ನೇ ಪುನಃ ನಿರ್ಮಿಸಬೇಕಾಯಿತು. ಹಲಗೆಯ ನಟ್ಟನಡುವೆ ಒಂದು ಕೋಟೆ. ಕೋಟೆಗೆ ಎತ್ತಿಟ್ಟ ಸೇತುವೆಯೇ ಬಾಗಿಲು. ಹೀಗೆ ಕೋಟೆಯನ್ನು ಎದುರಿಗಿಟ್ಟು, ಕೈಗೆ ಉಕ್ಕಿನ ಗೋಲಿಯನ್ನು ಕೊಟ್ಟರೆ ಏನು ಮಾಡಬೇಕೆಂದು ಯಾರು ಹೇಳಬೇಕು? ಚಿತ್ರದುರ್ಗದ ಕೋಟೆಯನ್ನು ನೋಡಿದ ಮಗುವೂ ಹೇಳಬಲ್ಲುದು. ಸೇತುವೆಗೆ ಕೆಲವು ಸಲ ಗೋಲಿ ತಗುಲಿದರೆ ಅದು ಕಿರ್ರೆಂದು ಕೆಳಕ್ಕಿಳಿಯುತ್ತದೆ. ಒಳಗಿನ ಜಾಲರಿ ಕಾಣುತ್ತದೆ. ಜಾಲರಿಗೆ ಹೊಡೆದರೆ ಅದೂ ಏಳುತ್ತದೆ. ಮತ್ತೆ ಒಳಕ್ಕೆ ಗೋಲಿ ನುಗ್ಗಿತೆಂದರೆ ಬುರುಜುಗಳು ಅಲುಗಾಡಿ, ದೀಪಗಳೆಲ್ಲ ಮಿಂಚಿ, ಕೋಟೆ ಬಿದ್ದಿತೆಂದು ಸಾರುತ್ತದೆ. ಒಂದೊಂದು ಹೊಡೆತಕ್ಕೂ ಒಂದೊಂದು ಫಲ, ಕಣ್ಣೆದುರಿಗೇ. ಪಾಠ ಹೇಳುವವರು ಇದಕ್ಕಿಂತ ಹೆಚ್ಚು ಏನು ಮಾಡಿಯಾರು?

ಪೆಟ್ಟಿಗೆಯ ಕೆಳತುದಿಯಲ್ಲಿ, ಗಾಜಿನೊಳಗೆ, ಅಂಗೈಯಷ್ಟಗಲದ ಒಂದು ಕಾಗದವಿದೆ. ಆಟದ ನಿಯಮಗಳನ್ನು ಅದರಲ್ಲಿ ಇಂಗ್ಲಿಷಿನಲ್ಲಿ ಅಚ್ಚುಮಾಡಿದ್ದಾರೆ. ನಾವು ಅಭ್ಯಾಸಬಲದಿಂದ ಮೊದಲು ಅದನ್ನೇ ಓದಿದೆವು. ಸೂತ್ರಕ್ಕೆ ಅಕ್ಷರ ಕಡಮೆಯಿರಬೇಕು, ಸಂದೇಹಕ್ಕೆ ಎಡೆಯಿರಬಾರದು ಎನ್ನುವುದು ನಮ್ಮ ಶಾಸ್ತ್ರಕಾರರ ಮತ. ಕಾಗದದಲ್ಲಿ ಮೊದಲನೆಯ ಗುಣವಿತ್ತು, ಎರಡನೆಯದು ಇರಲಿಲ್ಲ. ಅಷ್ಟು ಹೊತ್ತಿನಲ್ಲಿ ಅಲ್ಲಿಗೆ ಬಂದು ಆಡಿದವರು ಐದಾರು ಮಂದಿ. ಅವರಲ್ಲಿ ಒಬ್ಬರೂ ಅತ್ತ ಕಣ್ಣು ಹಾಯಿಸಲಿಲ್ಲ. ಆದರೂ ಎಲ್ಲರೂ ಆಡಿದರು. ಹಾಗಾದರೆ ಯಂತ್ರವು ತನ್ನ ನಿಯಮವನ್ನು ಕಾಗದದಲ್ಲಿ ಹೇಳುತ್ತಿಲ್ಲವೆಂದಾಯಿತು.

ಅದು ಹೇಳುವುದು ದೀಪಗಳಿಂದ. ಪ್ರತಿಯೊಂದು ದಾರಿಯ ಬಾಯಿಯಲ್ಲಿಯೂ ಬಾಣದ ಆಕಾರದ ದೀಪವಿದೆ. ಈಗ ಯಾವ ದಾರಿಗೆ ಹೊಡೆದರೆ ಫಲವುಂಟೋ ಆ ಬಾಣ ಮಿನುಗುತ್ತದೆ, ಸಾಧಿಸಿದ್ದು ಸ್ಥಿರವಾಗಿ ಬೆಳಗುತ್ತದೆ, ಸಂಬಂಧವಿಲ್ಲದ್ದು ಆರಿರುತ್ತದೆ. ವ್ಯಾಕರಣದಲ್ಲಿ ಅಧಿಕಾರಸೂತ್ರವೆಂಬ ಒಂದು ಬಗೆಯುಂಟು. ಪಾಣಿನಿಯು ಒಂದು ಮಾತನ್ನು ಒಮ್ಮೆ ಹೇಳಿ, ಇದು ಇಲ್ಲಿಂದ ಇಂಥಲ್ಲಿಯವರೆಗೆ ನಡೆಯುತ್ತದೆಂದು ಬಿಟ್ಟುಬಿಡುತ್ತಾನೆ. ಮುಂದಿನ ಸೂತ್ರಗಳನ್ನೆಲ್ಲ ಅದರ ಬೆಳಕಿನಲ್ಲಿ ಓದಿಕೊಳ್ಳಬೇಕು. ಅಧಿಕಾರ ಎಲ್ಲಿ ಮುಗಿಯಿತೆಂದು ತಿಳಿಯದೆ ನಮ್ಮ ವಿದ್ಯಾರ್ಥಿಗಳು ಪಟ್ಟ ಪಾಡು ನಮಗೆ ಗೊತ್ತು. ಈ ಯಂತ್ರದಲ್ಲಿ ಆ ತೊಡಕಿಲ್ಲ. ದೀಪ ಮಿನುಗುವವರೆಗೆ ಅಧಿಕಾರ, ಆರಿದರೆ ಮುಗಿಯಿತು.

ಉತ್ಸರ್ಗ-ಅಪವಾದಗಳೂ ಇಲ್ಲಿವೆ. ನಡುವೆ ಜಾರಿದ ಗೋಲಿ ನಷ್ಟವೆಂಬುದು ಸಾಮಾನ್ಯ ನಿಯಮ. ಆದರೆ ಗೋಲಿಯನ್ನು ಬಿಟ್ಟ ಮೊದಲ ಕೆಲವು ಸೆಕೆಂಡುಗಳಲ್ಲಿ ಜಾರಿದರೆ ಯಂತ್ರವು ದಯೆಯಿಂದ ಅದನ್ನು ಹಿಂದಕ್ಕೆ ಕೊಡುತ್ತದೆ. ಈ ವಿಶೇಷ ನಿಯಮ ಜಾರಿಯಲ್ಲಿರುವಷ್ಟು ಹೊತ್ತು ತಟ್ಟುಗೈಗಳ ನಡುವೆಯೇ, ಎಂದರೆ ಅಪಾಯವಿರುವ ಜಾಗದಲ್ಲಿಯೇ, ಒಂದು ದೀಪ ಮಿನುಗುತ್ತಿರುತ್ತದೆ. ಅಪವಾದವನ್ನು ಅನ್ವಯವಾಗುವ ಸ್ಥಳದಲ್ಲಿಯೇ ಹೇಳುವ ಈ ಕ್ರಮವನ್ನು ನಮ್ಮ ಪಠ್ಯಪುಸ್ತಕ ಬರೆಯುವವರು ಗಮನಿಸಬೇಕು. ಅವರು ಅದನ್ನು ಪುಸ್ತಕದ ಕೊನೆಯ ಅಡಿಟಿಪ್ಪಣಿಯಲ್ಲಿ ಬಚ್ಚಿಡುತ್ತಾರೆ.

ಇನ್ನೊಂದು ಸೂಕ್ಷ್ಮ. ಹಿಂದಿನ ನಿಲುವುಹಲಗೆಯಲ್ಲಿ ಅಕ್ಷರಗಳೂ ಚಿತ್ರಗಳೂ ಮೂಡುವ ಒಂದು ಫಲಕವಿದೆ. ಕಣ್ಣು ಗೋಲಿಯ ಮೇಲಿದ್ದರೆ ಫಲಕವನ್ನು ಓದಲಾಗದು. ಫಲಕವನ್ನು ಓದಿದರೆ ಗೋಲಿ ಉಳಿಯದು. ಯಂತ್ರವನ್ನು ಮಾಡಿದವರು ಇದನ್ನು ಬಲ್ಲರು. ಆದುದರಿಂದ ಹೊಸದೊಂದು ನಿಯಮವನ್ನು ಹೇಳಬೇಕಾದಾಗ ಯಂತ್ರವು ಗೋಲಿಯನ್ನು ಒಂದು ಗುಳಿಯಲ್ಲಿ ಹಿಡಿದಿಟ್ಟುಕೊಂಡು, ಫಲಕದಲ್ಲಿ ಹೇಳಬೇಕಾದದ್ದನ್ನು ಹೇಳಿ, ಆಮೇಲೆ ಬಿಡುತ್ತದೆ. ಬರೆಯುವ ಹುಡುಗನ ಕೈಯಿಂದ ಬಳಪವನ್ನು ಮೆಲ್ಲನೆ ತೆಗೆದುಕೊಂಡು, ಇತ್ತ ನೋಡು ಎಂದು ಹೇಳಿ, ಮತ್ತೆ ಬಳಪವನ್ನು ಕೊಡುವ ಒಳ್ಳೆಯ ಉಪಾಧ್ಯಾಯರ ನೆನಪಾಯಿತು.

ಇಷ್ಟು ಹೊಗಳಿದೆವಲ್ಲ, ಕುಂದುಗಳನ್ನೂ ಹೇಳಬೇಕು. ಎಣಿಕೆಯು ಲಕ್ಷಗಳಲ್ಲಿ ಮೊದಲಾಗಿ ಕೋಟಿಗಳಿಗೆ ಏರುತ್ತದೆ. ಯಾವುದಕ್ಕೆ ಎಷ್ಟೆಂಬುದು ಆಡುವವನಿಗೆ ತಿಳಿಯದು. ದ್ರವ್ಯಮೌಲ್ಯವಿಲ್ಲದ ನೋಟುಗಳನ್ನು ಎಣಿಸಿದಂತೆ. ಯಂತ್ರದ ಮಾತುಗಳು ಇಂಗ್ಲಿಷಿನಲ್ಲಿವೆ. ಅದೂ ವಿಕಟವಾದ ಉಚ್ಚಾರಣೆ. ಸುತ್ತಲ ಗದ್ದಲದಲ್ಲಿ ಅರ್ಧ ಕೇಳಿಸುವುದಿಲ್ಲ. ಮೀಮಾಂಸಕರು ವಿಧಿಯನ್ನೂ ಅರ್ಥವಾದವನ್ನೂ ಬೇರ್ಪಡಿಸುತ್ತಾರೆ. ಮಾಡಬೇಕಾದದ್ದು ವಿಧಿ, ಅದನ್ನು ಹೊಗಳಿ ಹುರಿದುಂಬಿಸುವ ಮಾತು ಅರ್ಥವಾದ. ಇಲ್ಲಿಯ ಕೂಗುಗಳಲ್ಲಿ ಬಹುಪಾಲು ಅರ್ಥವಾದವೆ. ಮೆಟ್ರೊ ರೈಲಿನ ಘೋಷಣೆಗಳಿಗೆ ದನಿಯಿತ್ತ, ೨೦೨೪ರ ಜುಲೈಯಲ್ಲಿ ನಮ್ಮನ್ನಗಲಿದ ಅಪರ್ಣಾರವರ ಸ್ವಚ್ಛವಾದ ಕನ್ನಡವನ್ನು ಕೇಳಿಕೊಂಡು ಬಂದ ಕಿವಿಗೆ ಇದು ಒಗ್ಗಲಿಲ್ಲ. ಕೆಲವು ವೇಳೆ ಆರೇಳು ಬಾಣಗಳು ಒಮ್ಮೆಗೇ ಮಿನುಗುತ್ತವೆ, ಪ್ರಶ್ನೆ ಕೇಳಿದೊಡನೆ ತರಗತಿಯ ಹುಡುಗರೆಲ್ಲ ಕೈಯೆತ್ತಿದ ಹಾಗೆ. ಎಲ್ಲಕ್ಕಿಂತ ಮುಖ್ಯವಾಗಿ, ಕೋಟೆಗಳನ್ನು ಕೆಡವಿದ್ದಲ್ಲದೆ ಉಳಿದ ಸಾಧನೆಗಳೂ ಪೂರ್ತಿಯಾದರೆ ಕೊನೆಯಲ್ಲಿ ರಾಜ್ಯಕ್ಕಾಗಿ ಮಹಾಯುದ್ಧವೊಂದು ಉಂಟು. ಹೊಸಬನಿಗೆ ಅದು ಇದೆಯೆಂಬುದೇ ಗೊತ್ತಾಗುವುದಿಲ್ಲ. ಇಂಥ ಗೂಢಗಳಿಗಾಗಿ ಆಟಗಾರರೇ ಒಂದೊಂದು ಯಂತ್ರಕ್ಕೂ ಹತ್ತಾರು ಪುಟಗಳ ನಿಯಮಗ್ರಂಥಗಳನ್ನು ಬರೆದುಕೊಂಡಿದ್ದಾರೆ. ಸೂತ್ರವಿದ್ದಲ್ಲಿ ಭಾಷ್ಯ ಹುಟ್ಟದೆ ಇರುವುದೆ?

ನಮ್ಮ ಮನೆಯ ಆಟಗಳ ರೀತಿಯೇ ಬೇರೆ. ಅಳಗುಳಿಮಣೆಯ ಹದಿನಾಲ್ಕು ಗುಳಿಗಳನ್ನು ಎಷ್ಟು ಹೊತ್ತು ನೋಡಿದರೂ ಅವು ಏನನ್ನೂ ಹೇಳವು. ಚೌಕಾಬಾರದ ಮನೆಗಳನ್ನು ನೆಲದ ಮೇಲೆ ಸುಣ್ಣದಲ್ಲಿ ಬರೆದರೆ, ಎದುರಾಳಿಯ ಕಾಯನ್ನು ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲವೆಂಬ ನಿಯಮ ಆ ಸುಣ್ಣದ ಗೆರೆಯಲ್ಲಿ ಇರುವುದಿಲ್ಲ, ಅಜ್ಜಿಯ ಬಾಯಲ್ಲಿರುತ್ತದೆ. ಅಜ್ಜಿ ಎದುರಿಗೆ ಕುಳಿತು, ಬೇಕಾದಾಗ ಬೇಕಾದಷ್ಟನ್ನೇ ಹೇಳುತ್ತ, ತನಗೆ ಅನುಕೂಲವಾದಾಗ ಒಂದಿಷ್ಟು ಮರೆಯುತ್ತ ಆಡಿಸುತ್ತಿದ್ದಳು. ಪಿನ್‌ಬಾಲ್ ಯಂತ್ರದಲ್ಲಿ ದೀಪವೇ ಅಜ್ಜಿ. ಆದರೆ ಅದು ಹೇಳದೆ ಬಿಟ್ಟದ್ದನ್ನು ಹೇಳಲು ಇಲ್ಲಿಯೂ ಮನುಷ್ಯನೊಬ್ಬನು ಬೇಕಾಯಿತು.

ಆ ಪಡಸಾಲೆಯಲ್ಲಿ ಯಂತ್ರಗಳನ್ನು ಒರೆಸಿ, ಕೆಟ್ಟು ನಿಂತದ್ದನ್ನು ನಡೆಸಿಕೊಡುವ ಕೆಲಸಕ್ಕೆ ಒಬ್ಬ ಹುಡುಗನಿದ್ದನು. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿರಬಹುದು. ಲಿಂಗಸುಗೂರಿನ ಕಡೆಯವನು. ನಮ್ಮ ಮೂರು ಗೋಲಿಗಳೂ ಕ್ಷಣಮಾತ್ರದಲ್ಲಿ ಕೆಳಗಿಳಿದುದನ್ನು ನೋಡಿ ಹತ್ತಿರ ಬಂದನು. ನಾವು ಉಪಾಧ್ಯಾಯರೆಂದು ಮೊಮ್ಮಗನು ಹೇಳಿದ ಮೇಲೆ ಅವನ ಬಾಯಲ್ಲಿ ನಾವು ಮಾಸ್ತರರಾದೆವು.

‘ಮೊದಲ ಗೋಲಿ ನಿಲ್ಲಿಸ್ರಿ ಮಾಸ್ತರ. ಆಮ್ಯಾಲ ದೀಪ ನೋಡ್ರಿ. ಆಮ್ಯಾಲ ಹೊಡೀರಿ. ನೀವು ಬಂದಂಗ ಬಂದಂಗ ಹೊಡೀಲಿಕ್ಕತ್ತೀರಿ.’

ಗೋಲಿಯನ್ನು ನಿಲ್ಲಿಸುವುದು ಹೇಗೆಂದು ತೋರಿಸಿದನು. ಉರುಳಿ ಬರುವ ಗೋಲಿಯ ಮುಂದೆ ತಟ್ಟುಗೈಯನ್ನು ಎತ್ತಿ ಹಿಡಿದುಕೊಂಡರೆ, ಗೋಲಿಯು ಅದರ ಸಂದಿಯಲ್ಲಿ ತೊಟ್ಟಿಲ ಮಗುವಿನಂತೆ ನಿಲ್ಲುತ್ತದೆ. ಆಗ ಕಣ್ಣೆತ್ತಿ ಫಲಕವನ್ನು ಓದಬಹುದು, ಯೋಚಿಸಬಹುದು, ಗುರಿಯಿಟ್ಟು ಹೊಡೆಯಬಹುದು. ಈ ಒಂದು ಸಂಗತಿಯನ್ನು ದೀಪವಾಗಲಿ ಕಾಗದವಾಗಲಿ ನಮಗೆ ಹೇಳಿರಲಿಲ್ಲ. ಇದು ತಿಳಿಯದವನಿಗೆ ಉಳಿದ ನಿಯಮಗಳೆಲ್ಲ ತಿಳಿದೂ ಪ್ರಯೋಜನವಿಲ್ಲ. ನಿನಗೆ ಯಾರು ಹೇಳಿಕೊಟ್ಟರೆಂದು ಕೇಳಿದೆವು. ಕಂಪನಿಯ ಕೆಲಸ ಮುಗಿಸಿ ರಾತ್ರಿ ಬಂದು ಒಂಟಿಯಾಗಿ ಆಡುವ ಇಂಜಿನಿಯರೊಬ್ಬರನ್ನು ನೋಡಿ ನೋಡಿ ಕಲಿತೆನೆಂದನು. ಕಾಗದದಲ್ಲಿರುವುದನ್ನು ಅವನು ಓದಿಲ್ಲ. ಯಂತ್ರ ಕೂಗುವ ಒಂದು ಮಾತೂ ಅವನಿಗೆ ಅರ್ಥವಾಗುವುದಿಲ್ಲ. ಆದರೂ ಆರು ಕೋಟೆಗಳನ್ನು ಕೆಡವಿದ್ದಾನೆ.

ಅವನು ಇಲ್ಲಿಗೆ ಬರುವ ಮೊದಲು ಪೀಣ್ಯದಲ್ಲಿ ತಗಡಿಗೆ ಅಚ್ಚೊತ್ತುವ ಒಂದು ಸಣ್ಣ ಕಾರ್ಖಾನೆಯಲ್ಲಿ ಎರಡು ವರ್ಷ ದುಡಿದವನು. ಅಲ್ಲಿಯ ಪ್ರೆಸ್ಸನ್ನು ಅವನು ವಿವರಿಸಿದುದನ್ನು ಕೇಳಿ ನಮಗೆ ಆಟದ ಯಂತ್ರದ ಇನ್ನೊಂದು ಮುಖ ಕಂಡಿತು. ಪ್ರೆಸ್ಸಿಗೂ ಎರಡು ಪಕ್ಕದಲ್ಲಿ ಎರಡು ಗುಂಡಿಗಳಿರುತ್ತವೆ. ಎರಡನ್ನೂ ಎರಡು ಕೈಗಳಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಕೆಳಕ್ಕೆ ಬೀಳುತ್ತದೆ. ಅಚ್ಚು ಬೀಳುವಾಗ ಕೈ ಅದರ ಕೆಳಗಿರಬಾರದು ಎಂಬ ನಿಯಮವನ್ನು ಯಂತ್ರವು ಬಾಯಿಂದ ಹೇಳುವುದಿಲ್ಲ. ತನ್ನ ಅಂಗರಚನೆಯಿಂದಲೇ ಹೇಳುತ್ತದೆ. ಒಳ್ಳೆಯ ಪ್ರೆಸ್ಸಾದರೆ ಪ್ರತ್ಯೇಕ ಪ್ರತ್ಯೇಕ ಸಲವೂ ಎರಡು ಗುಂಡಿಗಳನ್ನು ಬಿಟ್ಟು ಪುನಃ ಒತ್ತಿದಲ್ಲದೆ ನಡೆಯದಂತೆ ಏರ್ಪಾಡಿರುತ್ತದೆ. ಆ ಹಳೆಯ ಪ್ರೆಸ್ಸಿನಲ್ಲಿ ಅದಿರಲಿಲ್ಲ. ಕೆಲಸ ಬೇಗ ಸಾಗಲೆಂದು ಯಾರೋ ಒಂದು ಗುಂಡಿಗೆ ಮರದ ಚಕ್ಕೆಯನ್ನು ಸಿಕ್ಕಿಸಿದರು. ಆಮೇಲೆ ಒಂದೇ ಕೈ ಸಾಕಾಯಿತು. ಇನ್ನೊಂದು ಕೈ ತಗಡನ್ನು ಎಳೆಯುತ್ತ ಅಚ್ಚಿನ ಕೆಳಗೇ ಓಡಾಡತೊಡಗಿತು. ಇವನ ಪಕ್ಕದಲ್ಲಿ ದುಡಿಯುತ್ತಿದ್ದವನ ಎರಡು ಬೆರಳುಗಳು ಹೋದವು.

‘ಗ್ವಾಡಿ ಮ್ಯಾಲ ಬೋರ್ಡ್ ಇತ್ರಿ ಮಾಸ್ತರ. ಇಂಗ್ಲಿಷಿನಾಗಿತ್ತು. ಕೆಂಪು ಬಣ್ಣ ಅಂತ ಗೊತ್ತಿತ್ತು, ಏನು ಬರೆದಾರ ಅಂತ ಗೊತ್ತಿದ್ದಿಲ್ರಿ.’

೧೯೪೮ರ ಕಾರ್ಖಾನೆ ಕಾಯಿದೆಯೇ, ಪ್ರಕಟಣೆಗಳು ಇಂಗ್ಲಿಷಿನೊಡನೆ ಹೆಚ್ಚುಮಂದಿ ಕೆಲಸಗಾರರು ಬಲ್ಲ ಭಾಷೆಯಲ್ಲಿಯೂ ಇರತಕ್ಕದ್ದೆಂದು ವಿಧಿಸಿತ್ತು. ಆ ಗೋಡೆಗೆ ಅದು ಕೇಳಿಸಿರಲಿಲ್ಲ.

ಪಿನ್‌ಬಾಲ್ ಯಂತ್ರಕ್ಕೂ ನಿಷೇಧವೊಂದುಂಟು. ಗೋಲಿ ಬೇಡದ ಕಡೆಗೆ ಹೊರಟಾಗ ಪೆಟ್ಟಿಗೆಯನ್ನೇ ಹಿಡಿದು ಕುಲುಕಿ ಅದರ ದಾರಿಯನ್ನು ತಿರುಗಿಸುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಇದನ್ನು ತಡೆಯಲು ಒಳಗೆ ಲೋಲಕವೊಂದು ತೂಗುತ್ತಿರುತ್ತದೆ, ಅದರ ಸುತ್ತ ಲೋಹದ ಬಳೆ. ಮಿತಿಮೀರಿ ಕುಲುಕಿದರೆ ಲೋಲಕವು ಬಳೆಗೆ ತಾಗುತ್ತದೆ. ವಿದ್ಯುತ್ತಿನ ಸುತ್ತು ಪೂರ್ತಿಯಾಗುತ್ತದೆ. ದೀಪಗಳಾರಿ, ತಟ್ಟುಗೈಗಳು ನಿಶ್ಚೇಷ್ಟಿತವಾಗಿ, ಗೋಲಿ ನಷ್ಟವಾಗುತ್ತದೆ. ಆದರೆ ಈಗಿನ ಯಂತ್ರಗಳು ಮೊದಲ ತಪ್ಪಿಗೇ ದಂಡಿಸುವುದಿಲ್ಲ. ಒಂದೆರಡು ಸಲ ಸದ್ದು ಮಾಡಿ ಎಚ್ಚರಿಸುತ್ತವೆ. ಎಷ್ಟು ಕುಲುಕಿದರೆ ಹೆಚ್ಚಾಯಿತೆಂಬುದನ್ನು ಆಟಗಾರನು ಆ ಎಚ್ಚರಿಕೆಯಿಂದ ತನ್ನ ಅಂಗೈಯಲ್ಲಿಯೇ ಕಲಿತುಕೊಳ್ಳುತ್ತಾನೆ. ಚಕ್ಕೆ ಸಿಕ್ಕಿಸಿದ ಪ್ರೆಸ್ಸು ಯಾರನ್ನೂ ಎಚ್ಚರಿಸಲಿಲ್ಲ. ಹೋದ ಗೋಲಿಗೆ ಇನ್ನೊಂದು ಗೋಲಿ ಬರುತ್ತದೆ. ಮಕ್ಕಳ ಆಟಿಕೆಯಲ್ಲಿ ಇಷ್ಟು ಜಾಣತನವನ್ನು ಇಟ್ಟವರಿರುವಾಗ, ಅನ್ನಕ್ಕಾಗಿ ದುಡಿಯುವವನ ಯಂತ್ರದಲ್ಲಿ ಅದನ್ನು ಮರದ ಚಕ್ಕೆಯೊಂದು ಕೆಡಿಸಬಹುದಾದರೆ, ಅದಕ್ಕೆ ಬಡತನವೆನ್ನಬೇಕೋ ಉದಾಸೀನವೆನ್ನಬೇಕೋ ತಿಳಿಯದು. ನಾವು ಉದಾಸೀನವೆನ್ನುತ್ತೇವೆ.

ನಿಯಮ ಸ್ಪಷ್ಟವಾಗಿದೆಯೋ ಇಲ್ಲವೋ ಎಂಬುದರಿಂದಲೇ ಆಟವು ಜೂಜಿನಿಂದ ಬೇರೆಯಾಗುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ನ್ಯೂಯಾರ್ಕ್ ನಗರದ ಮೇಯರಾದ ಲಗಾರ್ಡಿಯಾ ಎಂಬವರು ೧೯೪೨ರಲ್ಲಿ ಪಿನ್‌ಬಾಲನ್ನು ಜೂಜೆಂದು ನಿಷೇಧಿಸಿ, ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಿದರು. ನಿಷೇಧವು ೧೯೭೬ರವರೆಗೆ ನಡೆಯಿತು. ಆ ವರ್ಷ ರೋಜರ್ ಶಾರ್ಪ್ ಎಂಬ ತರುಣ ಪತ್ರಕರ್ತನು ನಗರಸಭೆಯವರ ಮುಂದೆ ಯಂತ್ರವನ್ನು ಆಡಿ ತೋರಿಸಿ, ಗೋಲಿಯನ್ನು ಬಿಡುವ ಮೊದಲೇ ಅದು ಹೋಗುವ ದಾರಿಯನ್ನು ಹೇಳಿ, ಹೇಳಿದಂತೆಯೇ ಹೊಡೆದನು. ಇದು ಅದೃಷ್ಟವಲ್ಲ, ಕೈಚಳಕವೆಂದು ಸಭೆಯು ಒಪ್ಪಿತು. ಗುರಿ ಯಾವುದೆಂದು ಮೊದಲೇ ತಿಳಿದಿದ್ದರಿಂದ ಅವನು ಮಾತುಕೊಡಲು ಸಾಧ್ಯವಾಯಿತು. ಕೌರವಸಭೆಯಲ್ಲಿ ದ್ರೌಪದಿ ಕೇಳಿದುದೂ ಒಂದು ನಿಯಮದ ಪ್ರಶ್ನೆಯೇ ಅಲ್ಲವೆ? ತನ್ನನ್ನು ಸೋತವನಿಗೆ ನನ್ನನ್ನು ಒಡ್ಡುವ ಅಧಿಕಾರವುಂಟೆ ಎಂದು. ಆಡುವ ಮೊದಲು ಯಾರೂ ಅದನ್ನು ಹೇಳಿರಲಿಲ್ಲ. ಆಡಿದ ಮೇಲೆ ಭೀಷ್ಮನಿಗೂ ಹೇಳಲಾಗಲಿಲ್ಲ. ವೈಟ್‌ಫೀಲ್ಡಿನ ಎಷ್ಟೋ ತರುಣರು ಕೈಫೋನಿನಲ್ಲಿ ಹಣ ಕಟ್ಟಿ ಆಡಿ ಸಂಬಳವನ್ನು ಕಳೆದುಕೊಂಡ ಸುದ್ದಿಯನ್ನು ಮಗಳ ಮನೆಯಲ್ಲಿ ಕೇಳಿದ್ದೆವು. ೨೦೨೫ರ ಆಗಸ್ಟಿನಲ್ಲಿ ನಮ್ಮ ಪಾರ್ಲಿಮೆಂಟು ಅಂಥ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು. ಮೂಲೆಯ ಈ ಹಳೆಯ ಪೆಟ್ಟಿಗೆಯಾದರೋ ಕೊಟ್ಟ ಕಾಸಿಗೆ ಮೂರು ಗೋಲಿಗಳನ್ನು ಕೊಡುತ್ತದೆ, ಮತ್ತೇನನ್ನೂ ಕೊಡುವೆನೆಂದು ಆಸೆ ತೋರಿಸುವುದಿಲ್ಲ.

ರಜೆ ಮುಗಿಯುವುದರೊಳಗೆ ಇನ್ನೂ ನಾಲ್ಕು ಬಾರಿ ಹೋದೆವು. ಮೂರನೆಯ ಬಾರಿ ನಮ್ಮ ಗೋಲಿಯೂ ಕೋಟೆಯೊಳಕ್ಕೆ ನುಗ್ಗಿತು. ಮೊಮ್ಮಗನು ಪಡಸಾಲೆಗೆಲ್ಲ ಕೇಳುವಂತೆ ಕೂಗಿದನು. ಅಂದು ಆ ಹುಡುಗನು, ‘ಇದನ್ನ ಕನ್ನಡದಾಗ ಬರಕೊಡ್ರಿ ಮಾಸ್ತರ, ಅಂಟಸ್ತೀನಿ. ಬಂದವರೆಲ್ಲ ನನ್ನ ಕೇಳ್ತಾರ’ ಎಂದನು. ಮೇಲ್ವಿಚಾರಕರೂ ಆಗಬಹುದೆಂದರು. ನಾವು ಮನೆಗೆ ಹೋಗಿ, ರಾತ್ರಿ ಕುಳಿತು, ಆರು ವಾಕ್ಯಗಳನ್ನು ಬರೆದೆವು. ಮೊಮ್ಮಗನು ಅವನ್ನು ದೊಡ್ಡ ಅಕ್ಷರಗಳಲ್ಲಿ ಕಾರ್ಡಿಗೆ ಇಳಿಸಿದನು.

ಮಾರನೆಯ ದಿನ ಆ ಹುಡುಗನು ಅಕ್ಷರ ಕೂಡಿಸಿ ಓದಿಕೊಂಡು ಮೂರನ್ನು ಹೊಡೆದುಹಾಕಿಸಿದನು. ಅಂಕಗಳ ವಿಷಯ ಬೇಡವೆಂದನು, ಯಾರೂ ಎಣಿಸುವುದಿಲ್ಲ. ಕೋಟೆಯ ವಿಷಯವೂ ಬೇಡ. ಅದು ಕಾಣಿಸುತ್ತಲೇ ಇದೆ. ಮಹಾಯುದ್ಧದ ವಿಷಯ ಈಗಲೇ ಹೇಳಿದರೆ ಹೆದರುತ್ತಾರೆ. ‘ಯಂತ್ರವನ್ನು ಕುಲುಕಬೇಡಿ’ ಎಂಬ ಕೊನೆಯ ವಾಕ್ಯದ ಮೇಲೆ ಬೆರಳಿಟ್ಟು ಬಹಳ ಹೊತ್ತು ಯೋಚಿಸಿದನು.

‘ಹಂಗಲ್ರಿ ಮಾಸ್ತರ. ಸ್ವಲ್ಪ ಕುಲುಕಬೇಕ್ರಿ. ಕುಲುಕದಿದ್ರ ಗೋಲಿ ಉಳಿಯಂಗಿಲ್ಲ. ಭಾಳ ಕುಲುಕಬ್ಯಾಡ್ರಿ ಅಂತ ಬರೀರಿ.’

ಹಾಗೆಯೇ ತಿದ್ದಿಕೊಟ್ಟೆವು. ಕಾರ್ಡಿನಲ್ಲಿ ಉಳಿದದ್ದು ಇಷ್ಟು: ಗೋಲಿಯನ್ನು ಮೊದಲು ನಿಲ್ಲಿಸಿ. ಮಿನುಗುವ ದೀಪದ ಕಡೆಗೆ ಹೊಡೆಯಿರಿ. ಯಂತ್ರವನ್ನು ಬಹಳ ಕುಲುಕಬೇಡಿ.

ಕಳೆದ ತಿಂಗಳು ಮೊಮ್ಮಗನು ಫೋನಿನಲ್ಲಿ ಕಾರ್ಡಿನ ಚಿತ್ರವನ್ನು ತೆಗೆದು ಕಳುಹಿಸಿದನು. ಅಂಚುಗಳು ಸುರುಳಿಯಾಗಿವೆ. ನಮ್ಮ ಮೂರು ವಾಕ್ಯಗಳ ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ವಾಕ್ಯವಿದೆ: ‘ಸೇತುವೆಗೆ ನೇರ ಹೊಡೆದರೆ ಗೋಲಿ ವಾಪಸ್ ನಡುವೆ ಬೀಳ್ತದೆ, ಹುಷಾರ್.’ ಅಕ್ಷರ ಆ ಹುಡುಗನದಲ್ಲವಂತೆ, ಮೊಮ್ಮಗನದೂ ಅಲ್ಲ.